ಪೆಟ್ಟು ತಪ್ಪದ ಬೆರಳಗೆಣ್ಣು

“ಯಾಕೆ ಟೀಚರ್, ಇವತ್ತು ತಟ್ಟೆ ಬೋರಲು ಹಾಕೇ ಇಲ್ವಲ್ಲ? ಕೈಗೇನಾಯ್ತು?”

ಕೇಳಿದವನು ಲಿಂಬಿಕಾನಿ, ಬೆಳಗಿನ ಆರರ ಇಂಗ್ಲಿಷ್ ವಾರ್ತೆ ಓದುವವನು. ಸರೋವರದ ದಂಡೆಯ ಸಲಿಮಾ ಪಟ್ಟಣದ ಪುಟ್ಟ ರೇಡಿಯೊ ಕೇಂದ್ರದ ಅಂಗಳದಲ್ಲಿ ಇನ್ನೂ ನಸುಗತ್ತಲು. ಮಾವಿನ ಮರದ ಬುಡದಲ್ಲಿ ಎನಿಫಾ ಟೀಚರ್ ಎರಡೂ ಕೈಗಳನ್ನು ಸೊಂಟಕ್ಕೆ ಸುತ್ತಿದ ಚಿಟೆಂಜೆ ಬಟ್ಟೆಯೊಳಗೆ ಅಡಗಿಸಿಕೊಂಡು ಕೂತಿದ್ದಾರೆ. ಎದುರಿಗಿರುವ ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಮಂದಾಸಿಗಳು, ಆರುತ್ತಿವೆ.

“ಕೈಗೇನೂ ಆಗಿಲ್ಲ. ಅದಕ್ಕೆ ಶಿಕ್ಷೆ ಕೊಟ್ಟಿದೀನಿ. ನೀನು ಓದು.”

ಲಿಂಬಿಕಾನಿ ಓದುತ್ತಾನೆ. ಇವತ್ತೂ ಕರೆಂಟು ಹೋಗುವ ಸುದ್ದಿಯೇ. ‘ಎಲೆಕ್ಟ್ರಿಕ್’ ಸರಾಗವಾಗಿ ದಾಟುತ್ತದೆ. ಮುಂದಿನ ಸಾಲಿನ ‘ಎಲೆಕ್ಟ್ರಿಸಿಟಿ’ಗೆ ಬಂದಾಗ ನಾಲಗೆ ‘ಸಿ’ ಮೇಲೆ ಒರಗಿಬಿಡುತ್ತದೆ. ಚಿಚೆವಾ ಮಾತಿನಲ್ಲಿ ಎಷ್ಟುದ್ದದ ಪದವಾದರೂ ಭಾರ ಬೀಳುವುದು ಕೊನೆಯಿಂದ ಎರಡನೆಯ ಅಕ್ಷರದ ಮೇಲೆಯೇ. ತಾಯಿಹಾಲಿನ ಜೊತೆ ಬಂದ ಅಭ್ಯಾಸ ಅದು. ಎನಿಫಾ ಕಣ್ಣು ಮುಚ್ಚುತ್ತಾರೆ. ಬಟ್ಟೆಯೊಳಗೆ ಏನೋ ಮಿಸುಕಾಡುತ್ತದೆ.

“ಬಾಲದಲ್ಲಿ ‘ಇಟಿ’ ಬಂತಲ್ಲ, ಅದು ಯಾರು?”

“ಅತ್ತೆ.”

“ಅತ್ತೆ ಮನೆಗೆ ಬಂದ್ರೆ ಏನ್ಮಾಡ್ತಾಳೆ?”

“ಇದ್ದ ಮಂಚಾನ ಎಳೆಸಿ ತನ್ನ ಎದುರಿಗೇ ಹಾಕಿಸ್ತಾಳೆ. ಎಲೆಕ್‌... ಟ್ರಿ! ‘ಟ್ರಿ’ ಮೇಲೆ ಟೀಚರ್!”

“ಹೂಂ, ಮದುವೆಗೆ ಮುಂಚೇನೇ ಕಲ್ತ್ಕೊಂಡೆ. ಪುಣ್ಯವಂತ.”

ಎನಿಫಾ ಹೇಳಿಕೊಡುವುದು ಹೀಗೆ. ಇಂಗ್ಲಿಷ್ ಪದಗಳಿಗೆ ಬಾಲ ಬೆಳೆಯುತ್ತದೆ, ಆದರೆ ಎಲ್ಲ ಬಾಲಗಳ ಗುಣ ಒಂದೇ ಅಲ್ಲ. ‘ನೆಸ್’, ‘ಫುಲ್’ ಇವೆಲ್ಲ ಪಕ್ಕದ ಮನೆಯವರಿದ್ದ ಹಾಗೆ. ಜಗಲಿಯಲ್ಲಿ ಕೂತು ಚಹಾ ಕುಡಿದು ಹೋಗುತ್ತಾರೆ, ಒಳಗಿನ ಸಾಮಾನು ಮುಟ್ಟುವುದಿಲ್ಲ. ‘ಹ್ಯಾಪಿ’ಯ ಪೆಟ್ಟು, ಅಂದರೆ ಭಾರ, ಎಲ್ಲಿತ್ತೋ ‘ಹ್ಯಾಪಿನೆಸ್’ನಲ್ಲೂ ಅಲ್ಲೇ ಇರುತ್ತದೆ. ‘ಇಟಿ’, ‘ಶನ್’, ‘ಇಕ್’ ಮಾತ್ರ ಅತ್ತೆಯರು. ‘ಫೋಟೋಗ್ರಾಫ್’ನಲ್ಲಿ ‘ಫೋ’ ಮೇಲೆ ಹಾಯಾಗಿ ಕೂತಿದ್ದ ಪೆಟ್ಟು, ‘ಫೋಟೋಗ್ರಾಫಿಕ್’ ಆಗುತ್ತಲೇ ಎದ್ದು ಓಡಿಬಂದು ‘ಗ್ರಾ’ ಮೇಲೆ ಕೈಕಟ್ಟಿ ನಿಲ್ಲುತ್ತದೆ. “ಹೊಸ ಪದ ಬಂದ್ರೆ ಹೆದರಬೇಡ್ರೋ, ಮೊದಲು ಬಾಲ ಯಾರದು ನೋಡಿ” ಎನ್ನುವುದು ಅವರ ಮಂತ್ರ.

ಮಂತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದು ಅವರ ಬಲಗೈಯ ಬೆರಳಗೆಣ್ಣು. ಬೋರಲು ಹಾಕಿದ ಎನಾಮಲ್ ತಟ್ಟೆಯ ಮೇಲೆ ಟಕ್ ಎಂದು ಒಂದೇ ಪೆಟ್ಟು. ಎಲ್ಲಿ ಟಕ್ ಎಂದಿತೋ ಅಲ್ಲಿ ಭಾರ. ಪ್ರಾಥಮಿಕ ಶಾಲೆಯಲ್ಲಿ ಹೀಗೇ ತಟ್ಟಿ ತಟ್ಟಿ ನಿವೃತ್ತರಾದರು, ಆಮೇಲೆ ಈ ಮಾವಿನ ಮರ. ಇಲ್ಲಿ ಓದುವವರ ದನಿ ಸರೋವರದ ನಡುವಿನ ಮೀನು ದೋಣಿಗಳವರೆಗೂ ಹೋಗುತ್ತದೆ. ಎನಿಫಾರ ದನಿ ಮರದ ನೆರಳು ದಾಟುವುದಿಲ್ಲ. ರೇಡಿಯೊದಲ್ಲಿ ಅವರ ಹೆಸರು ಒಂದು ದಿನವೂ ಬಂದಿಲ್ಲ.

ಗೆಣ್ಣಿಗೆ ಹೊತ್ತುಗೊತ್ತಿಲ್ಲ. ಮಿನಿಬಸ್ಸಿನ ಸೀಟಿನ ಮೇಲೂ ಟಕ್, ಚರ್ಚಿನ ಬೆಂಚಿನ ಮೇಲೂ ಟಕ್. “ನನ್ನ ಉಪದೇಶಕ್ಕೆ ಎನಿಫಾ ಬೆರಳೇ ಮೊದಲು ಆಮೆನ್ ಹೇಳೋದು” ಎಂದು ಪಾದ್ರಿಗಳು ತಮಾಷೆ ಮಾಡುತ್ತಿದ್ದರು. ಊರು ನಗುತ್ತಿತ್ತು, ಎನಿಫಾರೂ ನಗುತ್ತಿದ್ದರು. ಅದೆಲ್ಲ ಹೋದ ತಿಂಗಳವರೆಗೆ.

ಮಗಳು ತಡಾಲ ಒಪ್ಪಿದ ಹುಡುಗ ಫರಾಯಿ ಜಿಂಬಾಬ್ವೆಯವನು. ಅವರದು ಶೋನಾ ಮಾತು, ಇವರದು ಚಿಚೆವಾ. ನಡುವೆ ಸೇತುವೆ ಅಂದರೆ ಇಂಗ್ಲಿಷ್ ಒಂದೇ. ಇಲ್ಲಿನ ಪದ್ಧತಿಯಲ್ಲಿ ಹುಡುಗಿಯ ಪರವಾಗಿ ಮಾತಾಡುವವನು ಅಪ್ಪನಲ್ಲ, ಸೋದರಮಾವ. ಮಾವ ಬಾಯಿ ಬಿಟ್ಟರೆ ಮನೆ ಬಾಯಿ ಬಿಟ್ಟ ಹಾಗೆ. ಹುಡುಗನ ಕಡೆಯವರು ಮೊದಲ ಮಾತುಕತೆಗೆ ಬಂದಾಗ ಎನಿಫಾರ ಅಣ್ಣ ಲೈಟೋನಿ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತರು. ಸೈಕಲ್ಲಿನ ಮೇಲೆ ಒಣಮೀನು ಹೇರಿಕೊಂಡು ಗುಡ್ಡದೂರುಗಳಲ್ಲಿ ಮಾರುತ್ತಾ ಮುದುಕರಾದವರು. ಅವರ ಇಂಗ್ಲಿಷು ತಂಗಿಯ ಹಳೇ ಪುಸ್ತಕಗಳಿಂದ ಹೆಕ್ಕಿಕೊಂಡದ್ದು.

ತಡಾಲ ನಮ್ಮ ಮನೆಯ ‘ಹ್ಯಾಪಿನೆಸ್’ ಅಂದರು. ಎಲ್ಲರೂ ತಲೆದೂಗಿದರು. ಇನ್ನು ಮುಂದೆ ಅವಳು ನಿಮ್ಮ ‘ರೆಸ್ಪಾನ್ಸಿಬಿಲಿಟಿ’ ಕೂಡ ಅನ್ನುವಾಗ ಭಾರವನ್ನು ತಮ್ಮ ಮಾತಿನ ರೂಢಿಯಂತೆ ‘ಲಿ’ ಮೇಲೆ ಇಟ್ಟರು. ಎನಿಫಾರ ಮಡಿಲಲ್ಲಿ ಊಟದ ಖಾಲಿ ತಟ್ಟೆ ಬೋರಲಾಗಿತ್ತು. ಗೆಣ್ಣು ಕೇಳಲಿಲ್ಲ. ‘ಬಿ’ ಬರಬೇಕಾದ ಜಾಗಕ್ಕೆ ಸರಿಯಾಗಿ, ಟಕ್!

ಊಟ ಬಡಿಸಲು ಬಂದಿದ್ದ ರೇಡಿಯೊದ ಹುಡುಗ ಹುಡುಗಿಯರಿಗೆ ಆ ಸದ್ದಿನ ಅರ್ಥ ಗೊತ್ತು. ಕಿಸಕ್ಕೆಂದರು. ಬೀಗರ ಕಡೆಯ ಹೆಂಗಸರು ಚಾಪೆ ನೋಡತೊಡಗಿದರು. ಲೈಟೋನಿ ತಿರುಗಿದರು, ನಕ್ಕವರ ಕಡೆಗಲ್ಲ, ತಟ್ಟೆಯ ಕಡೆಗೆ. ಉಳಿದದ್ದನ್ನು ಬೇರೆ ಯಾರಾದರೂ ಹೇಳುತ್ತಾರೆ ಎಂದು ಕೂತುಬಿಟ್ಟರು.

“ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಎನಿಫಾ, ಲಿಂಬಿಕಾನಿಗೆ. “ಬೈಲಿಲ್ಲ. ಹೋಗುವಾಗ ‘ಊಟ ಚೆನ್ನಾಗಿತ್ತು ತಂಗಿ’ ಅಂದ. ಅವನು ಊಟಾನೇ ಮಾಡಿರ್ಲಿಲ್ಲ.” ಮುಂದುವರಿಸುತ್ತಾರೆ: “ನನ್ನನ್ನ ಓದಿಸಿದ್ದು ಆ ಸೈಕಲ್ಲು. ಅವನು ತುಳಿದು ತಂದ ಇಂಗ್ಲಿಷು ಇದು. ಅದನ್ನೇ ತಗೊಂಡು ಅವನ ಬಾಯಿಗೆ ಹೊಡೆದೆ.”

ಆಮೇಲೆ ಅಣ್ಣನ ಮನೆಗೆ ಹೋದಾಗಲೆಲ್ಲ ಸೈಕಲ್ ಇರುವುದಿಲ್ಲ. ಸಂತೆಯಲ್ಲಿ ಟೊಮೆಟೊ ಮಾರುವವರು, “ಏಯ್, ಎನಿಫಾ ಬಂದ್ಲು, ಬಾಯಿ ಮುಚ್ಕೊಳ್ರೇ, ಪೆಟ್ಟು ಬೀಳುತ್ತೆ!” ಎಂದು ಕೂಗುತ್ತಾರೆ. ಈಗ ಎನಿಫಾ ಹಿಂದಿನ ಬೀದಿಯಿಂದ ಹೋಗುತ್ತಾರೆ. ಇವತ್ತು ಮಧ್ಯಾಹ್ನ ನಿಶ್ಚಯದ ಶಾಸ್ತ್ರ. ಎರಡೂ ಕಡೆಯ ಸೋದರಮಾವಂದಿರು ಮಾತಾಡಿ, ಹೆಣ್ಣಿನ ಕಡೆಯ ಕೋಳಿಗೆ ಗಂಡಿನ ಕಡೆಯ ಹುಂಜ ಬದಲಾಯಿಸಿಕೊಂಡರೆ ಸಂಬಂಧ ಗಟ್ಟಿ. ತಾನು ಮಾತಾಡುವುದಿಲ್ಲ ಎಂದು ಲೈಟೋನಿ ಹೇಳಿಕಳಿಸಿದ್ದಾರೆ. ಸ್ವಂತ ಮಾವ ಇದ್ದೂ ದೂರದ ನೆಂಟ ಎದ್ದು ನಿಂತರೆ, ಆ ಮನೆಗೆ ದನಿಯಿಲ್ಲ ಎಂದೇ ಲೆಕ್ಕ.

ನಿಮಗೇನಾಗಬೇಕು ಎಂದು ಲಿಂಬಿಕಾನಿ ಕೇಳಿದರೆ ಎನಿಫಾ ತಲೆ ಎತ್ತುವುದಿಲ್ಲ. “ರೇಡಿಯೊದಲ್ಲಿ ಹೆಸರು ಗಿಸರು ಬೇಡ. ಅಣ್ಣ ಮಾತಾಡೋದನ್ನ ಒಂದ್ಸಲ ಕಿವೀಲಿ ಕೇಳ್ಬೇಕು. ಗೆಣ್ಣಿಂದಲ್ಲ.”

ಲಿಂಬಿಕಾನಿ ಒಳಗೆ ಹೋಗುತ್ತಾನೆ. ಕಿಟಕಿಯ ರೇಡಿಯೊದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಗೇಟಿನಲ್ಲಿ ಸೈಕಲ್ ಗಂಟೆ. ಹ್ಯಾಂಡಲಿಗೆ ಕಾಲು ಕಟ್ಟಿದ ಕೆಂಪು ಕೋಳಿ ಜೋತಾಡುತ್ತಿದೆ. ಲೈಟೋನಿ ಇಳಿಯುವುದಿಲ್ಲ, ಒಂದು ಕಾಲು ನೆಲಕ್ಕೆ ಊರುತ್ತಾರೆ.

“ಕೋಳಿ ತಂದಿದೀನಿ. ಕೋಳಿ ತರೋದು ಮಾವನ ಕೆಲಸ. ಮಾತು ಯಾರಾದ್ರೂ ಆಡ್ಲಿ.”

“ನೀನಿಲ್ದೆ ಕೋಳಿ ಒಂದೇ ಏನು ಹೇಳುತ್ತೆ ಅಣ್ಣ?”

“ಅದು ಏನ್ ಹೇಳಿದ್ರೂ ಯಾರೂ ತಿದ್ದಲ್ವಲ್ಲ.”

ರೇಡಿಯೊದಿಂದ ಲಿಂಬಿಕಾನಿಯ ‘ಎಲೆಕ್ಟ್ರಿಸಿಟಿ’ ನೆಟ್ಟಗೆ ಬರುತ್ತದೆ. ಲೈಟೋನಿ ಕಿವಿಗೊಟ್ಟು ಕೇಳುತ್ತಾರೆ.

“ಇದು ನೀನು ಕಲಿಸಿದ್ದಾ?”

“ಹೂಂ.”

“ಚೆನ್ನಾಗಿದೆ.” ಗಂಟಲು ಸರಿಮಾಡಿಕೊಳ್ಳುತ್ತಾರೆ. “ಆ ನನ್ನ ಪದ ಎಲ್ಲಿ ತಪ್ತು, ಹೇಳು. ಮಧ್ಯಾಹ್ನದೊಳಗೆ ಕಲೀತೀನಿ.”

“ಹೇಳಲ್ಲ.”

“ಊರಿಗೆಲ್ಲ ಹೇಳ್ತೀಯ, ನನಗೆ ಹೇಳಲ್ವಾ?”

“ನೀನು ಹುಡುಗಿ ಮಾವ. ವಾರ್ತೆ ಓದೋಕೆ ಬಂದವನಲ್ಲ. ನಿನಗೆ ಬಂದಂಗೆ ಹೇಳಣ್ಣ, ಕಾಲಿಗೆ ಬೀಳ್ತೀನಿ.”

“ನಿನ್ನ ಕೈ ಸುಮ್ನಿರುತ್ತಾ?”

ಎನಿಫಾ ಬಟ್ಟೆಯೊಳಗಿಂದ ಎರಡೂ ಕೈ ತೆಗೆದು ಚಾಚುತ್ತಾರೆ. “ಇಲ್ಲಿ ಕೊಡು ಕೋಳೀನ. ನಿನ್ನ ಮಾತು ಮುಗಿಯೋವರೆಗೂ ಎರಡೂ ಕೈಲಿ ಹಿಡ್ಕೊಂಡು ಕೂತಿರ್ತೀನಿ.”

ಲೈಟೋನಿ ಗಂಟು ಬಿಚ್ಚಲು ಬಹಳ ಹೊತ್ತು ತಗೊಳ್ಳುತ್ತಾರೆ. “ಬಿಗಿಯಾಗಿ ಹಿಡ್ಕೋ. ಅದು ಕೊಕ್ಕೋ ಅಂದ್ರೂ ನೀನೇ ಅಂತ ತಿಳ್ಕೋತೀನಿ.”

ಮಧ್ಯಾಹ್ನ ಚಾಪೆಗಳ ಎದುರು ಲೈಟೋನಿ ಟೋಪಿ ತೆಗೆದು ನಿಲ್ಲುತ್ತಾರೆ. ಹ್ಯಾಪಿನೆಸ್ ಬರುತ್ತದೆ, ಹೋಗುತ್ತದೆ. ಆಮೇಲೆ ಆ ಉದ್ದದ ಪದ. ರೇಡಿಯೊದ ಮಕ್ಕಳು ತಟ್ಟೆಗಳನ್ನು ಎದೆಗವಚಿಕೊಂಡು ಟೀಚರ್ ಕೈಯನ್ನೇ ನೋಡುತ್ತಿದ್ದಾರೆ. ಲೈಟೋನಿ ಅವಸರಪಡದೆ ಹೋದ ಸಲದ ಹಾಗೆಯೇ ‘ಲಿ’ ಮೇಲೆ ಪೂರ್ತಿ ಭಾರ ಊರಿ ಹೇಳುತ್ತಾರೆ. ಕೆಂಪು ರೆಕ್ಕೆಯ ಅಡಿಯಲ್ಲಿ ಗೆಣ್ಣು ಒಮ್ಮೆ ಮೇಲೇಳುತ್ತದೆ, ‘ಬಿ’ ದಾಟುವವರೆಗೆ ಕಾಯುತ್ತದೆ, ‘ಲಿ’ ಮೇಲೆ ಅವರ ಜೊತೆಗೇ ಸದ್ದಿಲ್ಲದೆ ಇಳಿಯುತ್ತದೆ. ಕೋಳಿ ಕತ್ತು ಹೊರಳಿಸಿ ನೋಡಿ ಮತ್ತೆ ರೆಕ್ಕೆ ಮಡಿಚಿ ಕೂರುತ್ತದೆ.