ಪರಿಮಳಾಳ ಹೆಸರಿನಲ್ಲೊಂದು ಸುಳ್ಳು

ದೇವಾಪುರದ ಪರಿಮಳಾ ಮದುವೆಯಾಗಿ ಶಹಾಪುರಕ್ಕೆ ಬಂದವಳು. ಯಾದಗಿರಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಸಾಬೇರಾ, ಗಿರಾಕಿಯಾಗಿ ಬಂದ ಅವಳ ಎತ್ತರ, ನಿಲುವು ನೋಡಿ, ಹೊಸ ಮಾಲು ಬಂದಾಗ ಉಟ್ಟು ಫೋಟೊಗೆ ನಿಲ್ಲುತ್ತೀಯಾ ಎಂದು ಕೇಳಿದ್ದಳು. ಶುರುವಾದದ್ದು ಹಾಗೆ. ಗಂಡ ಬುದ್ಧಪ್ರಿಯ, ಕಚೇರಿಯೊಂದರ ಗುಮಾಸ್ತ, ಮೊದಮೊದಲು ಹಿಗ್ಗಿದ. ಫೋಟೊಗಳನ್ನು ತಾನೇ ಗೆಳೆಯರಿಗೆ ಕಳಿಸಿದ. ಕಲಬುರಗಿಯ ಒಡವೆ ಅಂಗಡಿಯವರೂ ಅವಳನ್ನು ಕರೆದರು. ಅವಳ ಮುಖ ಶಹಾಪುರದ ರಸ್ತೆಯಲ್ಲಿ ಆಳೆತ್ತರದ ಬ್ಯಾನರಾಗಿ ನಿಂತ ಮೇಲೆ ಕಚೇರಿಯವರು ಅವನನ್ನು ಪರಿಮಳಾಳ ಗಂಡ ಎಂದೇ ಕರೆಯತೊಡಗಿದರು. ಅಲ್ಲಿಂದ ಅವನ ಮಾತು ಕಡಿಮೆಯಾಯಿತು. ಈ ಕೆಲಸ ಬಿಡು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಆಮೇಲೆ ಸೀರೆ ಅಂಗಡಿ, ಒಡವೆ ಅಂಗಡಿ ಎರಡೂ ಕಡೆಯಿಂದ ಫೋನು ಬರುವುದು ನಿಂತುಹೋಯಿತು. ತನ್ನಲ್ಲೇ ಏನೋ ಕೊರತೆ ಎಂದು ಪರಿಮಳಾ ಕನ್ನಡಿ ನೋಡಿ ನೋಡಿ ಸಾಕಾಗಿ, ಕೊನೆಗೆ ಯಾದಗಿರಿಯ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಬೇರೊಬ್ಬ ಹುಡುಗಿ ಸೀರೆಯುಟ್ಟು ಕ್ಯಾಮೆರಾದ ಮುಂದೆ ನಿಂತಿದ್ದಳು. ಸಾಬೇರಾ ಮಾತ್ರ ನಗುತ್ತ ಓಡಿಬಂದು ಕುರ್ಚಿ ಎಳೆದಳು.

"ಕೂಡವ್ವಾ. ಇಂಥಾದ್ರಾಗ ಬಸ್ಸಿನ್ಯಾಗ ಯಾಕ ಬಂದಿ? ನಿಮ್ಮ ಮನಿಯವ್ರು ಎಲ್ಲಾ ಹೇಳ್ಯಾರ. ಈ ಸಲ ಜ್ವಾಕಿ ಇರು."

ಈ ಸಲ. ಹೋದ ವರ್ಷ ಅವಳ ಬಸಿರು ಇಳಿದಿತ್ತು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಅತ್ತವನು ಬುದ್ಧಪ್ರಿಯನೇ. ಈಗ ಅದನ್ನೇ ಅಂಗಡಿ ಅಂಗಡಿಗೆ ಹೇಳಿಕೊಂಡು, ಇಲ್ಲದ ಬಸಿರನ್ನು ಅವಳ ಹೊಟ್ಟೆಗೆ ಕಟ್ಟಿದ್ದ. ತಾನು ಬಸುರಿಯಲ್ಲ ಎಂದು ಸಾಬೇರಾಗೆ ಹೇಳಿ ಪರಿಮಳಾ ಮುಂದಿನ ಬಸ್ಸಿಗೇ ಶಹಾಪುರಕ್ಕೆ ಮರಳಿದಳು.

ಸಂಜೆ ಬುದ್ಧಪ್ರಿಯ ಚಹಾ ಕುಡಿಯುತ್ತಿದ್ದ. ಅವಳು ನಿಂತೇ ಕೇಳಿದಳು. ಅವನು ಅಲ್ಲಗಳೆಯಲಿಲ್ಲ.

"ನಿನಗ ಹೇಳಿದ್ರ ಬಿಡ್ತಿದ್ದೇನು?"

"ಬಿಡ್ತಿರಲಿಲ್ಲ. ಜಗಳಾಡ್ತಿದ್ದೆ. ನನ್ನ ಕೂಡ ಜಗಳಾಡೋ ಧೈರ್ಯ ಇಲ್ಲಂತ ಹೋದ ಕೂಸಿನ್ನ ಅಡ್ಡ ತಂದೀಯಲ್ಲ ನೀ."

ಮದುವೆಯಾದಾಗಿನಿಂದ ಗಂಡನಿಗೆ ಅವಳು ನೀ ಎಂದದ್ದು ಅದೇ ಮೊದಲು. ಫೋನು ತೆಗೆದು ಅವನ ಮುಂದೆ ಹಿಡಿದಳು. ಸಾಬೇರಾಗೂ ಒಡವೆಯವರಿಗೂ ನಿಜ ಹೇಳಬೇಕು ಎಂದಳು. ಮರ್ಯಾದೆ ಏನಾದೀತು ಎಂದು ಅವನು ಗೊಣಗಿದ. ಅವಳು ಕದಲಲಿಲ್ಲ. ಸಾಬೇರಾಗೆ ಅವನು ಏನೋ ತಪ್ಪು ತಿಳುವಳಿಕೆಯಾಯಿತು ಎನ್ನತೊಡಗಿದಾಗ ಪಕ್ಕದಿಂದಲೇ ತಡೆದಳು.

"ಸುಳ್ಳು ಹೇಳಿದೆ ಅನ್ನು."

ಅವನು ಅಂದ. ಒಡವೆಯವರಿಗೆ ಫೋನು ಮಾಡಿಯೂ ಅದನ್ನೇ ಅಂದ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡು, ಊಟಕ್ಕೆ ಏನು ಮಾಡುತ್ತೀ ಎಂದು ಕೇಳಿದ. ಅವಳು ಬ್ಯಾಗು ತುಂಬಿಕೊಂಡು ತವರಿಗೆ ಹೊರಟಳು.

ದೇವಾಪುರದಲ್ಲಿ ತಾಯಿ ಲಾಲಮ್ಮ ಅಳಿಯನ ಪರವೇ ಮಾತಾಡಿದಳು. ಕುಡಿಯುವವನಲ್ಲ, ಹೊಡೆಯುವವನಲ್ಲ, ಹೊಟ್ಟೆಗೆ ಹಾಕಿಕೊಂಡು ಹೋಗು ಎಂದಳು.

"ಹೊಡೀದಿದ್ರ ಅಷ್ಟ ಸಾಕೇನವ್ವಾ?" ಎಂದಳು ಪರಿಮಳಾ. ಲಾಲಮ್ಮ ಮಗಳ ಬ್ಯಾಗು ಎತ್ತಿ ಒಳಗಿಟ್ಟಳು.

ಒಡವೆಯವರು ಬೇರೊಬ್ಬಳನ್ನು ಹಿಡಿದಿದ್ದರು. ಸಾಬೇರಾ ಮಾತ್ರ ಮರಳಿ ಕರೆದಳು. ಈಗ ಪರಿಮಳಾ ಸುರಪುರದಲ್ಲಿ ಬಸ್ಸು ಬದಲಿಸಿ ಯಾದಗಿರಿಗೆ ಹೋಗಿಬರುತ್ತಾಳೆ. ರಜೆಯ ದಿನ ಬುದ್ಧಪ್ರಿಯ ದೇವಾಪುರಕ್ಕೆ ಬಂದು, ಯಾವಾಗ ಬರುತ್ತೀ ಎಂದು ಕೇಳುತ್ತಾನೆ. ಅವಳು ನೀರು ತಂದುಕೊಡುತ್ತಾಳೆ. ತನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅವನ ಮುಖಕ್ಕೇ ಹೇಳುತ್ತಾಳೆ.