ಸಮುದ್ರ ನೊರೆಯ ಪರೀಕ್ಷೆ

ಸಿಂದಗಿಯಿಂದ ಸಮುದ್ರ ಎಷ್ಟು ದೂರ? ನಮ್ಮ ಅಕ್ಕನನ್ನು ಕೇಳಿದರೆ ಕಿರಾಣಿ ಅಂಗಡಿಯಷ್ಟೇ ದೂರ ಎನ್ನುತ್ತಾಳೆ. ಅಲ್ಲಿ ಸಮುದ್ರ ನೊರೆ ಸಿಗುತ್ತದೆ. (ಹೆಸರಷ್ಟೇ ನೊರೆ. ನಿಜಕ್ಕೂ ಅದು ಒಂದು ಕಡಲಜೀವಿಯ ಮೈಯೊಳಗಿನ ಬಿಳಿ ಚಿಪ್ಪು.)

ಹತ್ತಿರದ ಯಂಕಂಚಿ ಹಳ್ಳಿಯಲ್ಲಿರುವ ಅಕ್ಕ ಅದನ್ನು ಅರೆದು, ಬಟ್ಟೆಯಲ್ಲಿ ಸೋಸಿ, ಮಗಳ ಕಿವಿಗೆ ಊದುತ್ತಾಳೆ. ಏಳು ವರ್ಷದ ರೇಣುಕಾಳ ಕಿವಿ ಸೋರುತ್ತದೆ. ಎರಡೂ ಕಿವಿ.

ಮೊನ್ನೆ ಹೋದಾಗ ಇದನ್ನು ಕಂಡು ನನ್ನ ತಲೆ ಕೆಟ್ಟಿತು. ಕಾಲೇಜಿನಲ್ಲಿ ಸೂಕ್ಷ್ಮಾಣುಗಳ ಪಾಠ ಮಾಡುವವನು ನಾನು. ನನ್ನ ಅಕ್ಕನ ಮನೆಯಲ್ಲೇ ಇದೆಂಥ ಕಥೆ?

“ಇದರಾಗ ಏನೂ ಇಲ್ಲ ಅಕ್ಕಾ. ಲ್ಯಾಬಿನ್ಯಾಗ ಟೆಸ್ಟ್ ಮಾಡಿ ತೋರಸ್ತೇನಿ” ಎಂದು ಪುಡಿಯ ಪೊಟ್ಟಣ ಕಿತ್ತುಕೊಂಡೆ. ಹುಡುಗಿಯ ಕಿವಿಯ ಕೀವನ್ನೂ ಹತ್ತಿಯಲ್ಲಿ ತಂದೆ.

ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಾಣು ಬೆಳೆಸುವ ಅಗಾರ್ ಹಾಕಿ (ಅದೂ ಸಮುದ್ರದ ಪಾಚಿಯದೇ), ಕೀವು ಸವರಿ, ನಡುವೆ ಪುಡಿ ಇಟ್ಟೆ. ಪುಡಿಗೆ ಶಕ್ತಿಯಿದ್ದರೆ ಸುತ್ತ ಏನೂ ಬೆಳೆಯದ ಜಾಗ ಉಳಿಯಬೇಕು. ಉಳಿಯಲಿಲ್ಲ. ಮರುದಿನ ನೋಡಿದರೆ ಪುಡಿಯ ಅಂಚಿನವರೆಗೂ ಸೂಕ್ಷ್ಮಾಣುಗಳು ದಟ್ಟವಾಗಿ ಬೆಳೆದಿದ್ದವು.

ನನಗೆ ಖುಷಿಯಾಯಿತು. ಹೌದು, ಖುಷಿ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಹೇಳಿಸಬಹುದಿತ್ತು. ಆದರೆ ಗೆಲುವನ್ನು ಕಣ್ಣಾರೆ ತೋರಿಸಬೇಕಲ್ಲ? ತಟ್ಟೆಗೆ ಟೇಪ್ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.

ಅಕ್ಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇವೆಲ್ಲಾ ರೇಣಿ ಕಿವ್ಯಾಗ ಅದಾವೇನು?”

“ಹೌದು.”

“ಹಂಗಾರ ಏನ್ ಹಾಕ್ಲಿ ತಮ್ಮಾ?”

“ಬಿಜಾಪುರಕ್ಕ ಕರ್ಕೊಂಡು ಹೋಗು” ಎಂದೆ. ಗೊತ್ತಿದ್ದೂ ಎಂದೆ. ಅವರು ಎಷ್ಟೋ ಸಲ ಹೋಗಿಬಂದಿದ್ದಾರೆ. ಡ್ರಾಪ್ಸ್ ಹಾಕಿದರೆ ಸೋರುವುದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಕಿವಿಯ ಪರದೆ ತೂತಾಗಿದೆ, ಆಪರೇಷನ್ ಬೇಕು, ಆದರೆ ಹುಡುಗಿ ಇನ್ನಷ್ಟು ದೊಡ್ಡವಳಾಗಲಿ ಎಂದಿದ್ದಾರೆ ಡಾಕ್ಟರು. ಅಷ್ಟರಲ್ಲಿ ಕೇಳಿಸುವುದು ಎಷ್ಟು ಉಳಿದಿರುತ್ತದೆ? ಅದನ್ನು ಯಾರೂ ಹೇಳಿಲ್ಲ.

“ಪುಡಿ ಊದಿದ್ರ ಏನರೆ ಮಾಡಾಕತ್ತೇನಿ ಅಂತ ಸಮಾಧಾನ ಇತ್ತು. ಅದನ್ನೂ ಕಸಗೊಂಡಿ” ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ.

‘ಇದರಿಂದ ಆಗದು’ ಎಂದು ಹೇಳಲು ನನ್ನ ವಿಜ್ಞಾನಕ್ಕೆ ಬರುತ್ತದೆ. ಹಾಗೆ ಹೇಳಿದ ಮೇಲೆ ತಾಯಿ ಏನು ಮಾಡಬೇಕು? ನಾನು ಹೇಳಿದ್ದು ಸತ್ಯವೇ, ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಇಷ್ಟು ಕೈಲಾಗದವನು ನಾನು ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಹೊರಡುವಾಗ ರೇಣುಕಾ ನನಗೆ ಬೆನ್ನು ಮಾಡಿಕೊಂಡು ಅಂಗಳದಲ್ಲಿ ಆಡುತ್ತಿದ್ದಳು. ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ, ಜೋರಾಗಿ. ತಿರುಗಲಿಲ್ಲ.

ಆಟದಲ್ಲಿ ಮೈಮರೆತಿದ್ದಾಳೆ ಎಂದುಕೊಂಡು ಬಸ್ ಹತ್ತಿದೆ. ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ?