ಕೊಣನೂರು ರಸ್ತೆಯಲ್ಲಿ ಕೇಳಿದ ಒಂದೇ ಮಾತು

1958ನೇ ಇಸವಿ ಡಿಸೆಂಬರ್ ಹದಿನಾಲ್ಕು, ಭಾನುವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ರಸ್ತೆ. ಆ ಹೊತ್ತಿನವರೆಗೆ ನಾನು ದೆವ್ವ, ಶಕುನ, ಅಶರೀರವಾಣಿ ಯಾವುದನ್ನೂ ನಂಬಿದವನಲ್ಲ. ಯಾರಾದರೂ ಇಂಥ ಕಥೆ ತೆಗೆದರೆ, ಎಷ್ಟು ಹೊತ್ತಿಗೆ, ಎಷ್ಟು ದೂರದಲ್ಲಿ, ಜೊತೆಗೆ ಯಾರಿದ್ದರು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಮೂರು ಪ್ರಶ್ನೆಗೂ ನಾನೇ ಉತ್ತರ ಕೊಡಬಲ್ಲೆ. ಆದರೆ ನಡೆದದ್ದೇನು ಎಂದು ಮಾತ್ರ ಹೇಳಲಾರೆ. ಆ ದಿನ ಆ ಮಾತು ಕೇಳಿಸದಿದ್ದರೆ ನಮ್ಮಲ್ಲೊಬ್ಬ ಬೆಟ್ಟದ ಮೇಲೇ ಉಳಿದುಬಿಡುತ್ತಿದ್ದ ಎಂಬುದಷ್ಟೇ ನನಗೆ ಖಚಿತ.

ಆಗ ನನಗೆ ಇಪ್ಪತ್ತೆರಡು ವರ್ಷ. ಹಾಸನದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಮೂವರು ಇದ್ದೆವು: ಚನ್ನರಾಯಪಟ್ಟಣದ ರಂಗಸ್ವಾಮಿ, ಅರಕಲಗೂಡಿನ ಹತ್ತಿರದ ಹಳ್ಳಿಯ ಜವರೇಗೌಡ ಮತ್ತು ನಾನು. ಮೂವರದೂ ಸಣ್ಣ ಗುಮಾಸ್ತಿಕೆ. ಸಂಕ್ರಾಂತಿ ಕಳೆದ ಮೇಲೆ ಐದು ದಿನ ರಜೆ ಹಾಕಿ ಪಶ್ಚಿಮ ಘಟ್ಟದಲ್ಲಿ ನಡೆಯಬೇಕೆಂದು ಗೊತ್ತುಮಾಡಿದ್ದೆವು. ಸೋಮವಾರಪೇಟೆ ಕಡೆಯಿಂದ ಪುಷ್ಪಗಿರಿ ಹತ್ತುವುದು, ಕಾಡಿನಲ್ಲೇ ಎರಡು ರಾತ್ರಿ ತಂಗುವುದು, ಸುಬ್ರಹ್ಮಣ್ಯಕ್ಕೆ ಇಳಿದು ಬಿಸಿಲೆ ಘಾಟಿಯ ಮೇಲೆ ಸಕಲೇಶಪುರಕ್ಕೆ ಬರುವುದು. ಅರಣ್ಯ ಇಲಾಖೆಯಲ್ಲಿದ್ದ ತನ್ನ ಭಾವನಿಂದ ಅಪ್ಪಣೆ ಕೊಡಿಸಿದವನು ಜವರ. ನಕ್ಷೆ, ಹೊರೆಯ ತೂಕ, ದಿನಕ್ಕೆಷ್ಟು ಮೈಲಿ ಎಂಬ ಲೆಕ್ಕವೆಲ್ಲ ನನ್ನದು. ನಾನು ಲೆಕ್ಕ ಬರೆಯುತ್ತ ಕೂತಾಗಲೆಲ್ಲ ಜವರ ಕೇಳುತ್ತಿದ್ದುದು ಒಂದೇ.

"ತುದೀಲಿ ನಿಂತ್ರೆ ಸಮುದ್ರ ಕಾಣ್ತದೇನ್ಲಾ?"

"ಮೋಡ ಇಲ್ಲದಿದ್ರೆ ಕಾಣುತ್ತಂತೆ."

"ಅಂಗಾದ್ರೆ ನಾನು ಬತ್ತೀನಿ. ಆಸನದಲ್ಲಿ ಕುಂತು ಕಣ್ಣು ಸವೆದೋಯ್ತು."

"ಆಸನ ಅಲ್ಲ ಕಣೋ, ಹಾಸನ," ಎಂದು ರಂಗಸ್ವಾಮಿ ರೇಗಿಸುವನು. ಜವರನ ನಾಲಗೆಯ ಮೇಲೆ ಹಕಾರ ನಿಲ್ಲುತ್ತಿರಲಿಲ್ಲ. ಅವನ ಊರಿನಲ್ಲಿ ಯಾರ ನಾಲಗೆಯ ಮೇಲೂ ನಿಲ್ಲುವುದಿಲ್ಲ.

ಹೊರಡುವುದಕ್ಕೆ ಮೊದಲು ಒಂದು ದಿನ ಹೊರೆ ಹೊತ್ತು ನಡೆದು ನೋಡಬೇಕು, ಆ ದಿನ ಮುಗಿಸಲಾರದವನು ಬೆಟ್ಟಕ್ಕೆ ಬರಕೂಡದು ಎಂದು ನಾನೇ ನಿಯಮ ಮಾಡಿದೆ. ಇಬ್ಬರೂ ಒಪ್ಪಿದರು. ಶನಿವಾರ ರಾತ್ರಿ ಜವರನ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೂರು ಚೀಲಗಳಲ್ಲಿ ಸಮತೂಕ ರಾಗಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ಕೊಣನೂರಿನ ದಾರಿ ಹಿಡಿದೆವು. ಕೊಣನೂರು ಮುಟ್ಟಿ ಸಂಜೆಯೊಳಗೆ ಹಿಂದಿರುಗಬೇಕು.

ದಾರಿಯಲ್ಲಿ ಎತ್ತು ಹೊಡೆದುಕೊಂಡು ಬಂದ ಒಬ್ಬ ಗೌಡರು ನಮ್ಮನ್ನು ನೋಡಿ ನಿಂತರು.

"ಏನ್ ಸಾ, ರಾಗಿ ಮಿಲ್ಲಿಗಾ? ಮಿಲ್ಲು ಇಂದಕ್ಕೇ ಉಳ್ಕೊಂತಲ್ಲ!"

"ಮಿಲ್ಲಿಗಲ್ಲ ಗೌಡ್ರೆ, ಸುಮ್ನೆ ಹೊತ್ಕೊಂಡು ಹೋಗಿ ಸುಮ್ನೆ ಹೊತ್ಕೊಂಡು ಬರೋದು," ಎಂದ ರಂಗಸ್ವಾಮಿ.

"ಓದಿದವ್ರು ಬುಡಿ," ಎಂದು ಅವರು ಎತ್ತಿನ ಬಾಲ ತಿರುವಿದರು. ಮೂವರೂ ನಕ್ಕೆವು. ಜವರ ಹೆಚ್ಚಾಗಿ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಲ್ಲಿಂದ ಮುಂದೆ ಅವನು ಹಿಂದೆ ಬೀಳತೊಡಗಿದ. ಒಂದೊಂದು ಮೈಲಿಗಲ್ಲಿನ ಹತ್ತಿರವೂ ನಾನು ಹೊತ್ತು ಬರೆದುಕೊಂಡು ಕಾಯಬೇಕಾಯಿತು. ಕೇಳಿದಾಗಲೆಲ್ಲ "ಕಾಲ್ಗೆ ಮುಳ್ಳು ಕಣ್ಲಾ" ಎನ್ನುತ್ತಿದ್ದ. ಮುಳ್ಳು ತೋರಿಸು ಎಂದರೆ ತೋರಿಸುತ್ತಿರಲಿಲ್ಲ. ಚಳಿಗಾಲದ ಬಿಸಿಲಿಗೆ ನಾವಿಬ್ಬರೂ ಬೆವರದಿದ್ದರೂ ಅವನ ಅಂಗಿ ಒದ್ದೆಯಾಗಿತ್ತು, ತುಟಿ ನೇರಳೆ ಹಣ್ಣು ತಿಂದವನ ಹಾಗಿತ್ತು. ರಂಗಸ್ವಾಮಿ ನನ್ನ ಕಿವಿಯಲ್ಲಿ, "ಇವನು ಏನೋ ಮುಚ್ಚಿಡ್ತಿದಾನೆ" ಎಂದ. ನನಗೂ ಹಾಗೇ ಅನ್ನಿಸಿತ್ತು. ಆದರೆ ಹಿಂದಿರುಗೋಣ ಎಂದರೆ ಅವನು ನಿಯಮದ ಮಾತು ತೆಗೆದು ಜಗಳಕ್ಕೆ ನಿಲ್ಲುತ್ತಿದ್ದ.

ಕಡೆಗೆ ರಸ್ತೆ ಪಕ್ಕದ ಒಂದು ಹೊಂಗೆ ಮರದ ಕೆಳಗೆ ಚೀಲ ಇಳಿಸಿ ಕೂತೆವು. ಸುತ್ತಲೂ ಕೊಯ್ಲಾದ ಗದ್ದೆ. ಎಲ್ಲಿಯೂ ಮೊಳಕಾಲೆತ್ತರದ ಪೈರಿಲ್ಲ, ಬೇಲಿಯಿಲ್ಲ, ಮನೆಯಿಲ್ಲ. ರಂಗಸ್ವಾಮಿ ಚೀಲಕ್ಕೆ ತಲೆಯಿಟ್ಟು ಮಲಗಿದ. ಜವರ ಮರಕ್ಕೊರಗಿ ಕಣ್ಣು ಮುಚ್ಚಿದ. ನಾನು ನಡೆದ ಮೈಲಿಗಳನ್ನು ಕೂಡುತ್ತಿದ್ದೆ.

ಆಗ, ತೀರ ಹತ್ತಿರದಲ್ಲಿ, ಒಂದು ಹೆಣ್ಣುದನಿ ಮೆಲ್ಲಗೆ ಹೇಳಿತು: "ಏಳು."

ಗದರಿಕೆಯಲ್ಲ, ಕೂಗೂ ಅಲ್ಲ. ಪಕ್ಕದಲ್ಲಿ ಕೂತವರು ಹೇಳುವ ಹಾಗೆ. ಲೆಕ್ಕದಲ್ಲಿ ಮುಳುಗಿದ್ದ ನಾನು ಯಾರೋ ಮೊತ್ತ ಹೇಳಿದರೆಂದುಕೊಂಡು 7 ಎಂದು ಬರೆದೇಬಿಟ್ಟೆ. ರಂಗಸ್ವಾಮಿ ತಟ್ಟನೆ ಎದ್ದು ನಿಂತು, "ಎದ್ದೆ, ಎದ್ದೆ" ಎಂದು ಚೀಲಕ್ಕೆ ಕೈಹಾಕಿದ. ಜವರ ಮಾತ್ರ ಕಣ್ಣು ತೆರೆಯಲಿಲ್ಲ.

"ಏಳ್ತೀನಿ ಕಣವ್ವ, ಏಳ್ತೀನಿ," ಎಂದ.

ಎದ್ದೇಳುತ್ತಾನೆಂದು ನಾವು ಕಾದೆವು. ಅವನು ಏಳಲಿಲ್ಲ. ಕೂತಲ್ಲೇ ಹೇಳತೊಡಗಿದ.

"ಮೂರು ತಿಂಗಳಿಂದ ಎದೆ ಇಡ್ಕೊಂತದೆ ಕಣ್ರಲಾ. ಆಸ್ಪತ್ರೇಲಿ ತೋರ್ಸಿದ್ದೆ. ಮೆಟ್ಲು ಅತ್ತೋವಾಗ್ಲೂ ನಿಂತು ನಿಂತು ಅತ್ತು ಅಂದವ್ರೆ ಡಾಕ್ಟ್ರು. ನಿಮ್ಗೆ ಏಳಿದ್ರೆ ಬುಟ್ಟೋಯ್ತೀರ ಅಂತ ಏಳ್ನಿಲ್ಲ. ಒಂದ್ಸಲ ಸಮುದ್ರ ನೋಡ್ಬುಡವ ಅಂತ."

ಸಿಟ್ಟಾಗಬೇಕಾಗಿದ್ದ ರಂಗಸ್ವಾಮಿ, ಆ ಕಡೆ ಈ ಕಡೆ ನೋಡಿ, "ಏಳು ಅಂದೋರು ಯಾರು?" ಎಂದ. ಮರದ ಹಿಂದೆ ನೋಡಿದೆವು, ಮೇಲೆ ನೋಡಿದೆವು. ಗದ್ದೆಗಿಳಿದು ಸುತ್ತಿದೆವು. ದೂರದಲ್ಲಿ ದನ ಕಾಯುತ್ತಿದ್ದ ಮುದುಕನೊಬ್ಬನನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಅವನ ಹತ್ತಿರ ಓಡಿಹೋಗಿ, ಈ ಕಡೆ ಹೆಂಗಸರು ಯಾರಾದರೂ ಬಂದರೇ ಎಂದು ಕೇಳಿದೆ. "ಒತ್ತಾರೆಯಿಂದ ನಾನಿಲ್ಲೇ ಅವ್ನಿ. ಯಾರೂ ಬಂದಿಲ್ಲ ಕಣಪ್ಪ," ಎಂದ.

ಕೊಣನೂರಿನ ಕಡೆಯಿಂದ ಬಂದ ಬಸ್ಸಿಗೆ ಕೈಯೊಡ್ಡಿ ಜವರನನ್ನು ಹತ್ತಿಸಿದೆವು. ಮರುದಿನ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ಪರೀಕ್ಷೆ ಮಾಡಿದ ವೈದ್ಯರು ನಮ್ಮನ್ನು ಹೊರಗೆ ಕರೆದು, ಈ ಗುಂಡಿಗೆ ಇಟ್ಟುಕೊಂಡು ಹೊರೆ ಹೊತ್ತು ಬೆಟ್ಟ ಹತ್ತಿದ್ದರೆ ಅರ್ಧ ದಾರಿಯೂ ಮುಟ್ಟುತ್ತಿರಲಿಲ್ಲ ಎಂದರು. ಜವರ ಬಹಳ ದಿನ ಮಲಗಿದ್ದ, ಉಳಿದುಕೊಂಡ. ನಾವು ಬೆಟ್ಟಕ್ಕೆ ಹೋಗಲಿಲ್ಲ.

ಇದಕ್ಕೆ ಕಾರಣ ಹುಡುಕದೆ ಬಿಟ್ಟಿಲ್ಲ. ಜವರನೇ ನಿದ್ದೆಗಣ್ಣಿನಲ್ಲಿ ಮಾತಾಡಿರಬಹುದೇ? ದನಿ ಹೆಣ್ಣಿನದು, ಬಂದದ್ದು ನನ್ನ ಎಡಗಡೆಯಿಂದ. ಜವರ ಕೂತಿದ್ದುದು ಬಲಗಡೆ. ಗಾಳಿಗೆ ದೂರದ ಮಾತು ತೇಲಿ ಬಂದಿರಬಹುದೇ? ಆ ಹೊತ್ತಿಗೆ ಎಲೆಯೂ ಅಲುಗುತ್ತಿರಲಿಲ್ಲ. ನಾನು ಬೇರೊಂದು ಭಾನುವಾರ ಒಬ್ಬನೇ ಹೋಗಿ ಅದೇ ಮರದ ಕೆಳಗೆ ಅದೇ ಹೊತ್ತಿನಲ್ಲಿ ಕೂತೆ. ಒಂದು ಲಾರಿ ಹೋದದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಇನ್ನೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಹಕಾರ ನುಡಿಯುವವರು ಆಡಿದ್ದಾದರೆ ಅದು 'ಎದ್ದೇಳು' ಅಥವಾ ಬರಿಯ ಸಂಖ್ಯೆ. ಅದೇ ಮಾತನ್ನು 'ಹೇಳು' ಎಂಬ ಅರ್ಥದಲ್ಲಿ ಆಡಬೇಕಾದರೆ ಜವರನ ಕಡೆಯವರೇ ಆಡಿರಬೇಕು.

ಹೋದ ವರ್ಷ, 1963ರಲ್ಲಿ, ಜವರನ ಮಗಳ ನಾಮಕರಣಕ್ಕೆ ಹೋಗಿದ್ದೆ. ಊಟವಾದ ಮೇಲೆ ಜಗುಲಿಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ.

"ಅವತ್ತಿನ ದನಿ ಯಾರದು ಅಂತ ಗೊತ್ತಾಯ್ತೇನೋ ನಿನಗೆ?"

ಅವನು ಎಲೆಗೆ ಸುಣ್ಣ ಸವರುತ್ತಿದ್ದವನು ಕೈ ನಿಲ್ಲಿಸಿದ.

"ಗೊತ್ತಾಗ್ದಿದ್ರೆ ಏಳ್ತಿದ್ನೇನ್ಲಾ?" ಎಂದ. ಎಷ್ಟು ಪೀಡಿಸಿದರೂ ಹೆಸರು ಹೇಳಲಿಲ್ಲ. ಒಳಗೆ ಕೂಸು ಅತ್ತಿತು, ಎದ್ದು ಹೋದ.

ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ಆ ರಸ್ತೆಯಲ್ಲಿ ಹಾಡುಹಗಲು ಇಂಥ ದನಿ ಕೇಳಿದವರು ಬೇರೆ ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಅದು ಆಡಿದ ಮಾತು ಯಾವುದು ಎಂದು ಬರೆಯಿರಿ. ನೀವು ಅದಕ್ಕೆ ಏನೆಂದು ಉತ್ತರ ಕೊಟ್ಟಿರಿ ಎಂಬುದನ್ನೂ ಬರೆಯಿರಿ.